ಹತ್ತಿ ಮಣ್ಣು ಅನ್ನಬೇಡಿ, ಅದು ಎರೆ

ಯುಗಾದಿಗೆ ಇನ್ನೂ ಒಂದು ವಾರ ಇತ್ತು. ಭಾನುವಾರ ಸಂಜೆ ಪಾರ್ಕ್ ಸ್ಟ್ರೀಟಿನ ಫುಟ್‌ಪಾತಿನಲ್ಲಿ ನಿಂತು ನಾನೂ ಗೆಳೆಯನೂ ಎಗ್ ರೋಲ್ ತಿನ್ನುತ್ತಿದ್ದೆವು. ಅವನದು ರೋಣದ ಕಡೆ, ನನ್ನದು ನವಲಗುಂದದ ಕಡೆ. ಇಬ್ಬರಿಗೂ ಕೋಲ್ಕತ್ತಾದಲ್ಲಿ ಕೆಲಸ, ಇಬ್ಬರಿಗೂ ಊರಲ್ಲಿ ಅಪ್ಪನ ಪಾಲಿನಿಂದ ಬಂದ ಒಂದಿಷ್ಟು ಎರೆ ಹೊಲ. ಅವನ ಫೋನು ಬಡಿದುಕೊಂಡಿತು. ಕೈಯಲ್ಲಿ ರೋಲ್ ಇದ್ದುದರಿಂದ ಸ್ಪೀಕರ್ ಹಾಕಿದ. ಆ ಕಡೆ ಅವನ ಹೊಲವನ್ನು ಲಾವಣಿಗೆ ಮಾಡುವ ಹಿರಿಯರು.

‘ತಮ್ಮಾ, ಈ ಸಲ ನಾಕ ಎಕರೆ ಹಿಂಗಾರಿಗೆ ಬಿಡೂಣು ಅಂತೀನಿ. ಜ್ವಾಳ, ಕಡ್ಲಿ, ಅಂಚಿಗೆ ಒಂದೀಟು ಕುಸುಬಿ. ನೆಲಾ ಭಾಳ ದಣದೈತಿ. ರೊಕ್ಕ ರಾಶಿ ಆದ ಮ್ಯಾಲೆ ಕೊಟ್ರ ನಡೀತೈತೇನು?’

ಗೆಳೆಯ ಒಂದು ಕ್ಷಣವೂ ಯೋಚಿಸಲಿಲ್ಲ. ‘ಕಾಕಾ, ಅದು ಹತ್ತಿ ಮಣ್ಣು. ಹತ್ತಿ ಹಾಕ್ರಿ, ಕೈತುಂಬ ಬರತೈತಿ. ರೊಕ್ಕ ಮಾತ್ರ ಯುಗಾದಿಗೆ ಮುಟ್ಟಿಸ್ರಿ.’

‘ಆತು ಬಿಡು’ ಎಂದು ಅವರು ಫೋನ್ ಇಟ್ಟರು. ನಾವು ರೋಲ್ ಮುಗಿಸಿ, ಕಾಗದ ಉಂಡೆ ಮಾಡಿ ಎಸೆದು, ಚಹಾ ಕುಡಿಯಲು ಹೋದೆವು. ನಾನು ಏನೂ ಅನ್ನಲಿಲ್ಲ. ಅನ್ನುವ ಮುಖ ನನಗಿರಲಿಲ್ಲ. ನನ್ನ ಹೊಲದ ಲಾವಣಿ ದುಡ್ಡು ಅದರ ಹಿಂದಿನ ವಾರವೇ, ಇದೇ ಷರತ್ತಿನ ಮೇಲೆ, ನನ್ನ ಖಾತೆಗೆ ಬಂದಿತ್ತು.

ಅಂದು ಆಡದ ಮಾತನ್ನು ಈಗ ಆಡುತ್ತಿದ್ದೇನೆ. ಊರು ಬಿಟ್ಟು ಬಂದು, ಊರಿನ ಮೇಲೆ ಕವಿತೆ ಬರೆದು, ಊರಿನ ಹೊಲವನ್ನು ಮುಂಗಡ ರೊಕ್ಕಕ್ಕೆ ಲಾವಣಿ ಹಾಕುವ ನಮ್ಮೆಲ್ಲರ ಮೇಲಿನ ತಕರಾರು ಇದು. ಎರೆ ಹೊಲದಲ್ಲಿ ಏನೇನು ಬೆಳೆಯುತ್ತದೆ ಎಂಬುದನ್ನು ನಾವು ಮರೆತಿದ್ದೇವೆ. ನಾವು ಮರೆತಿದ್ದಕ್ಕೆ ಬೆಲೆ ತೆರುತ್ತಿರುವವರು ಬೇರೆಯವರು.

*

ಮೊದಲು ಹೆಸರಿನ ವಿಷಯ. ‘ಹತ್ತಿ ಮಣ್ಣು’ ಎಂಬ ಮಾತು ನಮ್ಮ ಅಜ್ಜನ ಬಾಯಲ್ಲಿ ಇರಲಿಲ್ಲ. ಅವರು ಎರಿ ಅನ್ನುತ್ತಿದ್ದರು. ಕೆಂಪು, ಹಗುರ ನೆಲಕ್ಕೆ ಮಸಾರಿ, ಕಪ್ಪು, ಜಿಗುಟು ನೆಲಕ್ಕೆ ಎರಿ. ಆ ಹೆಸರಿನಲ್ಲಿ ಯಾವ ಬೆಳೆಯ ಹೆಸರೂ ಅಂಟಿಕೊಂಡಿಲ್ಲ. ನೆಲಕ್ಕೆ ನೆಲದ ಹೆಸರು, ಅಷ್ಟೇ. ‘ಬ್ಲ್ಯಾಕ್ ಕಾಟನ್ ಸಾಯಿಲ್’ ಎಂಬುದು ಇಂಗ್ಲಿಷರ ಕಂದಾಯದ, ವ್ಯಾಪಾರದ ಬರಹಗಳಿಂದ ಬಂದು, ಭೂಗೋಳದ ಪಾಠಕ್ಕೆ ಸೇರಿ, ಅಲ್ಲಿಂದ ತರ್ಜುಮೆಯಾಗಿ ನಮ್ಮ ನಾಲಿಗೆಗೆ ಹತ್ತಿದ್ದು. ಇಡೀ ನೆಲವನ್ನು ತನಗೆ ಬೇಕಾದ ಒಂದು ಸರಕಿನ ಹೆಸರಿನಿಂದ ಕರೆಯುವುದು ಕೊಳ್ಳುವವನ ಅಭ್ಯಾಸ. ಅದನ್ನೇ ಬೆಳೆಯುವವನ ಮೊಮ್ಮಗ ಕಲಿತು, ಬೆಳೆಯುವವನಿಗೇ ತಿರುಗಿ ಪಾಠ ಹೇಳುತ್ತಾನೆ: ಕಾಕಾ, ಅದು ಹತ್ತಿ ಮಣ್ಣು.

ಇದನ್ನು ಪಾರ್ಕ್ ಸ್ಟ್ರೀಟಿನಲ್ಲಿ ನಿಂತು ಹೇಳಲು ಕಾರಣವಿದೆ. ಈ ಬೀದಿಯ ಚೌರಂಗಿ ತುದಿಯಲ್ಲಿ, ಒಂದನೇ ನಂಬರಿನಲ್ಲಿ, ಏಷ್ಯಾಟಿಕ್ ಸೊಸೈಟಿ ಇದೆ. ವಿಲಿಯಂ ಜೋನ್ಸ್ 1784ರಲ್ಲಿ ಕಟ್ಟಿದ ಸಂಸ್ಥೆ. ಬೀದಿ ಹಿಡಿದು ಮಲ್ಲಿಕ್ ಬಜಾರಿನ ಕಡೆ ನಡೆದರೆ ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನ, 1767ರದ್ದು. ಅದೇ ಜೋನ್ಸ್ 1794ರಲ್ಲಿ ತೀರಿಕೊಂಡು ಅಲ್ಲಿ ಎತ್ತರದ ಗೋರಿಯ ಕೆಳಗೆ ಮಲಗಿದ್ದಾನೆ. ಭಾಷೆಗಳ ಪಂಡಿತ ಎಂದೇ ನಾವು ಅವನನ್ನು ಓದಿದ್ದೇವೆ. ಆದರೆ ಕೊನೆಯ ವರ್ಷಗಳಲ್ಲಿ ಅವನಿಗೆ ಗಿಡಗಳ ಹುಚ್ಚು ಹಿಡಿದಿತ್ತು. ಭಾರತದ ಗಿಡಗಳನ್ನು ಭಾರತದ ಹೆಸರುಗಳಿಂದಲೇ ಕರೆಯಬೇಕು ಎಂದು ಅವನು ಹಟ ಹಿಡಿದು ಬರೆದ. ಅವನ ಹಟಕ್ಕೊಂದು ಮಿತಿಯಿತ್ತು. ಅವನಿಗೆ ಬೇಕಿದ್ದದ್ದು ಸಂಸ್ಕೃತದ ಹೆಸರು, ಉಳುವವರ ಹೆಸರಲ್ಲ. ಅವನು ಸತ್ತ ಮೇಲೆ ಏನಾಯಿತು ನೋಡಿ. ಕಲ್ಕತ್ತೆಯ ಸಸ್ಯೋದ್ಯಾನವನ್ನು ನೋಡಿಕೊಳ್ಳುತ್ತಿದ್ದ ರಾಕ್ಸ್‌ಬರ್ಗ್, ಗೆಳೆಯನ ನೆನಪಿಗೆಂದು ಅಶೋಕ ಮರಕ್ಕೆ ಜೋನ್ಸೀಸಿಯಾ ಎಂದು ಜೋನ್ಸನ ಹೆಸರನ್ನೇ ಇಟ್ಟ. ಊರಿನ ಹೆಸರು ಉಳಿಯಲಿ ಎಂದವನ ಹೆಸರೇ ಊರಿನ ಮರದ ಮೇಲೆ ಏರಿತು. ಈಗ ಆ ಮರ ಸಸ್ಯಶಾಸ್ತ್ರದಲ್ಲಿ ಸರಾಕಾ ಅಶೋಕಾ. ಹೆಸರು ಯಾರ ಕೈಯಲ್ಲಿದೆ ಎಂಬುದು ಸಣ್ಣ ವಿಷಯವಲ್ಲ ಎಂದು ತೋರಿಸಲು ಇಷ್ಟು ಸಾಕು.

ಇನ್ನೊಬ್ಬನ ಕಥೆ ನಮಗೆ ಇನ್ನೂ ಹತ್ತಿರದ್ದು. ಟಿಪ್ಪು 1799ರಲ್ಲಿ ಬಿದ್ದ ಮೇಲೆ, ಕಲ್ಕತ್ತೆಯಲ್ಲಿ ಕೂತ ವೆಲ್ಲೆಸ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಮೈಸೂರು, ಕೆನರಾ, ಮಲಬಾರುಗಳಿಗೆ ಕಳಿಸಿದ. ಅಲ್ಲಿ ಏನು ಬೆಳೆಯುತ್ತದೆ, ಕಂಪನಿಗೆ ಯಾವುದು ಲಾಭ ಎಂದು ನೋಡಿಕೊಂಡು ಬರಲು. 1800–01ರಲ್ಲಿ ಊರೂರು ತಿರುಗಿದ ಆ ಮನುಷ್ಯ, ಅನ್ಯರ ನೌಕರನಾಗಿಯೂ, ರೈತರನ್ನು ಕೂರಿಸಿಕೊಂಡು ಕೇಳಿ, ಮಣ್ಣುಗಳ ಹೆಸರನ್ನು ಕನ್ನಡದಲ್ಲೇ ಬರೆದುಕೊಂಡ. 1807ರಲ್ಲಿ ಅಚ್ಚಾದ ಅವನ ಪ್ರವಾಸದ ಪುಸ್ತಕದಲ್ಲಿ ‘ಎರೆ’ ಇದೆ. ಕಂಪನಿಯ ಮನುಷ್ಯನಿಗೆ ಇದ್ದ ಆ ಎಚ್ಚರ, ಇನ್ನೂರು ವರ್ಷಗಳ ನಂತರ ಅದೇ ಕಲ್ಕತ್ತೆಯಲ್ಲಿ ಕೂತು ಹೊಲ ಆಳುವ ನನಗೂ ನನ್ನ ಗೆಳೆಯನಿಗೂ ಇಲ್ಲ.

*

ಹಾಗಾದರೆ ಎರೆಯಲ್ಲಿ ಬೆಳೆಯುವುದು ಏನು?

ಅದಕ್ಕೆ ಮೊದಲು ಎರೆ ಕೆಲಸ ಮಾಡುವ ಬಗೆ ಗೊತ್ತಿರಬೇಕು. ಈ ಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮಳೆಗಾಲದಲ್ಲಿ ಕಾಲಿಟ್ಟರೆ ಚಪ್ಪಲಿಗೆ ಎರಡು ಕಿಲೋ ಅಂಟು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು. ಮೇಲಿನ ಪುಡಿಮಣ್ಣು ಆ ಬಿರುಕಿನೊಳಗೆ ಬಿದ್ದು, ಮಳೆ ಬಂದಾಗ ಉಬ್ಬಿ, ಒಳಗಿನದು ಮೇಲೆ, ಮೇಲಿನದು ಒಳಗೆ ಹೋಗುತ್ತದೆ. ತನ್ನನ್ನು ತಾನೇ ಉತ್ತುಕೊಳ್ಳುವ ನೆಲ ಇದು. ಮನೆ ಕಟ್ಟುವ ಎಂಜಿನಿಯರ್ ಗೆಳೆಯರಿಗೆ ‘ಬಿ.ಸಿ. ಸಾಯಿಲ್’ ಎಂದರೆ ತಲೆನೋವು. ಪಾಯ ಅಲ್ಲಾಡುತ್ತದೆ, ಗೋಡೆ ಸೀಳುತ್ತದೆ. ಪಾಯಕ್ಕೆ ಯಾವುದು ದೋಷವೋ ಬೇರಿಗೆ ಅದೇ ವರ. ಒಂದು ಮೀಟರ್ ಆಳದ ಎರೆ 150ರಿಂದ 200 ಮಿ.ಮೀ. ಮಳೆಯನ್ನು ಹೊಟ್ಟೆಯಲ್ಲಿ ಹಿಡಿದಿಟ್ಟುಕೊಂಡು ಗಿಡಕ್ಕೆ ಕೊಡಬಲ್ಲದು. ವಿಜಯಪುರದಲ್ಲಿ ವರ್ಷಕ್ಕೆ ಬೀಳುವುದೇ ಸುಮಾರು 600 ಮಿ.ಮೀ. ಕೋಲ್ಕತ್ತಾದಲ್ಲಿ 1600 ಮೀರುತ್ತದೆ. ಅಷ್ಟು ಕಡಿಮೆ ಮಳೆಯ ನಾಡಿನಲ್ಲಿ, ಮಳೆ ನಿಂತ ಮೇಲೆ ಬಿತ್ತಿ, ಒಂದು ಹನಿ ನೀರು ಹಾಯಿಸದೆ, ಬರಿಯ ಹಸಿ ಮತ್ತು ಇಬ್ಬನಿಯ ಮೇಲೆ ಬೆಳೆ ತೆಗೆಯುವ ವಿದ್ಯೆ ನಮ್ಮದು. ಅದರ ಹೆಸರು ಹಿಂಗಾರಿ.

ಹಿಂಗಾರಿಯ ಒಡತಿ ಬಿಳಿಜೋಳ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಕೂರಿಗೆ ಹೂಡಿದರೆ ಶಿವರಾತ್ರಿಯ ಹೊತ್ತಿಗೆ ತೆನೆ. ಸೊಲ್ಲಾಪುರದ ಹತ್ತಿರದ ಮೋಹೋಳದಲ್ಲಿ ಊರಿನ ತಳಿಯಿಂದಲೇ ಆರಿಸಿದ ಮಾಲ್ದಂಡಿ ಜೋಳ, ಎಷ್ಟೋ ಹೊಸ ತಳಿಗಳು ಬಂದು ಹೋದರೂ, ಇಂದಿಗೂ ನಮ್ಮ ಹೊಲದಲ್ಲಿದೆ. ರೊಟ್ಟಿಗೆ ರುಚಿ ಬೇಕು, ದನಕ್ಕೆ ಕಣಕಿ ಬೇಕು, ಎರಡನ್ನೂ ಅದು ಕೊಡುತ್ತದೆ. ಜೋಳದ ಪಕ್ಕ ಕಡಲೆ. ಕಡಲೆಯ ಬೇರಿನ ಗಂಟು ಗಾಳಿಯ ಸಾರಜನಕವನ್ನು ನೆಲಕ್ಕೆ ಕೊಡುತ್ತದೆ, ಎಲೆ ಹುಳಿಯನ್ನು ಕೊಡುತ್ತದೆ. ರಾತ್ರಿ ಕಡಲೆ ಗಿಡದ ಮೇಲೆ ಬಿಳಿ ಬಟ್ಟೆ ಹಾಸಿ, ಬೆಳಗ್ಗೆ ಇಬ್ಬನಿಗೆ ತೊಯ್ದ ಬಟ್ಟೆ ಹಿಂಡಿ, ಆ ಹುಳಿಯನ್ನು ಶೀಶೆಯಲ್ಲಿಟ್ಟು ಹೊಟ್ಟೆನೋವಿಗೆ ಕೊಡುತ್ತಿದ್ದರು. ನೀಲಿ ಹೂವಿನ ಅಗಸೆ, ಅದರ ಚಟ್ನಿ. ಹುಗ್ಗಿಗೆ, ಮಾದಲಿಗೆ ಜವೆ ಗೋಧಿ. ಕಲಬುರಗಿ ಕಡೆ ತೊಗರಿ. ಅಂಚಿನಲ್ಲಿ ಕುಸುಬೆ, ಅದರ ಮಾತು ಮುಂದೆ ಬರುತ್ತದೆ.

ಬಿತ್ತದೆ ಬರುವುದೂ ಇದೆ. ಮಳೆ ಬಿದ್ದ ಮೇಲೆ ಸಾಲಿನ ನಡುವೆ ಹತ್ತರಕಿ, ಗೋಳಿ, ರಾಜಗಿರಿ. ಹತ್ತರಕಿಯನ್ನು ಬೇಯಿಸುವುದೂ ಬೇಡ. ಕಿತ್ತು, ಝಾಡಿಸಿ, ರೊಟ್ಟಿ ಶೇಂಗಾ ಚಟ್ನಿಯ ಜೊತೆ ಹಸಿಯದ್ದೇ ತಿನ್ನುವುದು. ಕಳೆ ತೆಗೆಯಲು ಹೋದ ಹೆಂಗಸರ ಉಡಿಯಲ್ಲಿ ಸಂಜೆಗೆ ಒಂದು ಪಲ್ಯದಷ್ಟು ಸೊಪ್ಪು ಇರುತ್ತಿತ್ತು. ಬದುವಿನ ಮೇಲೆ ಬೇವು, ಬನ್ನಿ, ಕರಿಜಾಲಿ. ಕರಿಜಾಲಿಯ ಕಟ್ಟಿಗೆಯಿಂದ ನೇಗಿಲು, ಕೂರಿಗೆ, ಕುಂಟೆ. ಈಗ ಆ ಜಾಗದಲ್ಲಿ ಹೆಚ್ಚಾಗಿ ಕಾಣುವುದು ಹೊರಗಿನಿಂದ ಬಂದ ಬಳ್ಳಾರಿ ಜಾಲಿ. ಈ ಎಲ್ಲದರ ನಡುವೆ ಬದುಕಿದ್ದ ದೊಡ್ಡ ಹಕ್ಕಿಯೊಂದಕ್ಕೆ ನಮ್ಮವರು ಇಟ್ಟ ಹೆಸರು ಎರೆಭೂತ. ಹೆಸರಿನಲ್ಲೇ ಎರೆ ಇದೆ. ಇಂದು ಕರ್ನಾಟಕದಲ್ಲಿ ಅದನ್ನು ನೋಡಬೇಕೆಂದರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲಿಗೆ ಹೋಗಿ, ಅದೃಷ್ಟ ಇದ್ದರೆ ಒಂದೆರಡು.

ಪಾರ್ಕ್ ಸ್ಟ್ರೀಟಿಗೆ ಆ ಹೆಸರು ಬಂದದ್ದು ನ್ಯಾಯಾಧೀಶ ಎಲೈಜಾ ಇಂಪೆಯ ಜಿಂಕೆ ವನದಿಂದ. ಜಿಂಕೆ ಹೋಗಿ, ವನ ಹೋಗಿ, ಹೆಸರು ಮಾತ್ರ ಉಳಿದಿದೆ. ಸರ್ಕಾರ ಮದರ್ ತೆರೇಸಾ ಸರಣಿ ಎಂದು ಬೋರ್ಡ್ ಹಾಕಿದರೂ ಜನರ ಬಾಯಲ್ಲಿ ಅದು ಪಾರ್ಕ್ ಸ್ಟ್ರೀಟೇ. ಎರೆಭೂತಕ್ಕೂ ಅದೇ ಗತಿ ಬರುವ ಹಾಗಿದೆ: ಹಕ್ಕಿ ಇಲ್ಲದೆ ಹೆಸರು.

*

ಇಷ್ಟು ಓದಿದ ಮೇಲೆ ‘ಇವನು ಹತ್ತಿಯ ವೈರಿ’ ಎಂದು ಯಾರಾದರೂ ಅಂದುಕೊಂಡರೆ ಅದು ತಪ್ಪು. ಹತ್ತಿ ನಮ್ಮದೇ. ಕಂಪನಿ ಬರುವ ಮೊದಲೂ ಎರೆಯಲ್ಲಿ ಹತ್ತಿ ಇತ್ತು, ನೂಲುವ ಕೈ ಇತ್ತು, ಮಗ್ಗ ಇತ್ತು. ಆದರೆ ಆ ಹತ್ತಿ ಒಂಟಿಯಾಗಿರಲಿಲ್ಲ. ಧಾರವಾಡ, ಗದಗಿನ ಹೊಲಗಳಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಮೂರೂ ಒಂದೇ ಹೊಲದಲ್ಲಿ. ಉಳ್ಳಾಗಡ್ಡಿ ಮೊದಲು ಕಿತ್ತು ಮಾರುವುದು, ಅದರ ಹಿಂದೆ ಬ್ಯಾಡಗಿ ಮೆಣಸಿನಕಾಯಿ, ಕೊನೆಗೆ ಹತ್ತಿ. ಒಂದು ಕೈಕೊಟ್ಟರೆ ಇನ್ನೊಂದು ಕೈ ಹಿಡಿಯುತ್ತಿತ್ತು.

ಹತ್ತಿಯನ್ನು ಒಂಟಿ ಮಾಡುವ ಒತ್ತಡ ಶುರುವಾದದ್ದು 19ನೇ ಶತಮಾನದಲ್ಲಿ. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಉದ್ದ ಎಳೆ ಬೇಕಿತ್ತು. 1840ರ ದಶಕದಲ್ಲಿ ಕಂಪನಿ ಅಮೆರಿಕದ ಬೀಜ ತರಿಸಿ ಧಾರವಾಡದ ಎರೆಯಲ್ಲಿ ಹಾಕಿಸಿತು. ಅದು ‘ಧಾರವಾಡ ಅಮೆರಿಕನ್’ ಆಯಿತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ. ಯುದ್ಧ ಮುಗಿದ ಮೇಲೆ ಬೆಲೆ ಬಿತ್ತು. ಧಾರವಾಡದ ನಾಟಿ ಹತ್ತಿಗೆ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂದು ಹೆಸರು, ಅದು ಕುಮಟಾ ಬಂದರಿನಿಂದ ಹಡಗು ಏರುತ್ತಿತ್ತು ಎಂಬ ಒಂದೇ ಕಾರಣಕ್ಕೆ. ಬೆಳೆದ ಊರಿನ ಹೆಸರಲ್ಲ, ಸಾಗಿಸಿದ ಊರಿನ ಹೆಸರು. ಮಣ್ಣಿಗೂ ಹಾಗೆಯೇ ಹೆಸರು ಬಿತ್ತು ಎಂದು ಆಗಲೇ ಹೇಳಿದ್ದೇನೆ.

ಆಮೇಲೂ ನಮ್ಮವರು ಸುಮ್ಮನೆ ಕೂತಿರಲಿಲ್ಲ. ನಾಟಿ ಹತ್ತಿಯಿಂದಲೇ ಧಾರವಾಡದಲ್ಲಿ ಜಯಧರ ತಳಿ ಬಂತು. ಬರ ತಡೆಯುವ, ಕಡಿಮೆ ಔಷಧಿ ಬೇಡುವ ಹತ್ತಿ. 1970ರ ದಶಕದ ಆರಂಭದಲ್ಲಿ ಕಟರ್ಕಿಯವರು ಅಲ್ಲಿಯೇ ವರಲಕ್ಷ್ಮಿ ಎಂಬ ಹೈಬ್ರಿಡ್ ತಂದರು. ಎರಡು ಬೇರೆ ಜಾತಿಯ ಹತ್ತಿಗಳ ಆ ಸಂಕರ ಉದ್ದ ಎಳೆಯ ಹತ್ತಿಗೆ ಹೊಸ ದಾರಿ ತೆರೆಯಿತು. 2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು. ಇಂದು ದೇಶದ ಹತ್ತಿ ಹೊಲಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಬಿಟಿಯೇ. ಬೀಜ ಪ್ರತಿ ವರ್ಷ ಅಂಗಡಿಯಿಂದ. ಸಾಲಿನ ನಡುವೆ ಎಡೆ ಹೊಡೆಯುವ ಎತ್ತು ಮನೆಯಲ್ಲಿ ಇಲ್ಲ, ಹಾಗಾಗಿ ಕಳೆನಾಶಕ. ಕಳೆನಾಶಕ ಹೊಡೆದ ಹೊಲದಲ್ಲಿ ಹತ್ತರಕಿ ಎಲ್ಲಿಂದ ಬರಬೇಕು?

*

ಈಗ ಕುಸುಬೆ. ಅಂದು ನಾವು ತಿಂದ ಎಗ್ ರೋಲಿಗೆ ಮರಳುತ್ತೇನೆ. ಬಂಗಾಳಿಯಲ್ಲಿ ಮೊಟ್ಟೆಯ ಹಳದಿಗೆ ಕುಸುಮ್ ಅನ್ನುತ್ತಾರೆ. ಕುಸುಬೆ ಹೂವಿಗೂ ಅವರಲ್ಲಿ ಅದೇ ಹೆಸರು. ಹಿಂದೆ ಆ ಹೂವು ಬಟ್ಟೆಗೆ ಬಣ್ಣ. ಸಸ್ಯಶಾಸ್ತ್ರದ ಹೆಸರಿನಲ್ಲೂ ಬಣ್ಣಗಾರನ ಗುರುತಿದೆ: ಕಾರ್ತಮಸ್ ಟಿಂಕ್ಟೋರಿಯಸ್. ನಮ್ಮ ಕಡೆ ಅದು ಎಣ್ಣೆ. ಕಾಳನ್ನು ನೆನೆಸಿ, ರುಬ್ಬಿ, ಹಾಲು ತೆಗೆದು, ಗೋಧಿ ಬೆಲ್ಲ ಹಾಕಿ ಮಾಡುವ ಕುಸುಬಿ ಹುಗ್ಗಿ ತಿಂದವರಿಗೆ ಅದರ ರುಚಿ ಗೊತ್ತು.

ಎರೆಗೆ ಇದಕ್ಕಿಂತ ಒಪ್ಪುವ ಗಿಡ ಇನ್ನೊಂದು ಸಿಗುವುದು ಕಷ್ಟ. ಅದರ ತಾಯಿಬೇರು ಎರಡು ಮೀಟರಿಗೂ ಮಿಕ್ಕಿ ಆಳಕ್ಕೆ ಇಳಿದು, ಜೋಳದ ಬೇರು ಮುಟ್ಟದ ಹಸಿಯನ್ನು ಕುಡಿಯುತ್ತದೆ. ಹಾಗಾಗಿ ಜೋಳಕ್ಕೂ ಅದಕ್ಕೂ ಜಗಳ ಕಡಿಮೆ. ಮೈತುಂಬ ಮುಳ್ಳು, ದನ ಬಾಯಿ ಹಾಕುವುದಿಲ್ಲ. ಹೊಲದ ಅಂಚಿಗೆ ನಾಲ್ಕು ಸಾಲು ಹಾಕಿದರೆ ಅದೇ ಬೇಲಿ. ಬೇಲಿಯೇ ಎಣ್ಣೆ. ಅಣ್ಣಿಗೇರಿಯ ಸಂಶೋಧನಾ ಕೇಂದ್ರದಿಂದ ಬಂದ ಎ-1 ಕುಸುಬೆ, ಅಣ್ಣಿಗೇರಿ-1 ಕಡಲೆ ಎರಡೂ ಒಂದು ಕಾಲಕ್ಕೆ ಮನೆಮಾತು. ಹಿಂಗಾರಿಯಲ್ಲಿ ಕೇಂದ್ರ ಸರ್ಕಾರ ಬೆಂಬಲ ಬೆಲೆ ಸಾರುವ ಆರು ಬೆಳೆಗಳಲ್ಲಿ ಕುಸುಬೆಯೂ ಒಂದು. ಆದರೂ ಅದು ಹೊಲದಿಂದ ಹೊರಟುಹೋಗುತ್ತಿದೆ. ಬೆಲೆ ಸಾರುವುದು ಬೇರೆ, ಕೊಳ್ಳುವವರು ಊರ ಬಾಗಿಲಿಗೆ ಬರುವುದು ಬೇರೆ.

ಇತ್ತ ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಅದರಲ್ಲಿ ದೊಡ್ಡ ಪಾಲು ಇಂಡೊನೇಷ್ಯಾ, ಮಲೇಷ್ಯಾಗಳ ತಾಳೆ ಎಣ್ಣೆ. ಕೋಲ್ಕತ್ತಾದ ಕೆಳಗೆ, ಹಲ್ದಿಯಾ ಬಂದರಿನಲ್ಲಿ ಆ ಎಣ್ಣೆ ಇಳಿದು, ಅಲ್ಲಿನ ಕಾರ್ಖಾನೆಗಳಲ್ಲಿ ಶುದ್ಧವಾಗಿ, ಈ ಸೀಮೆಯ ಅಂಗಡಿಗಳಿಗೆ ಬರುತ್ತದೆ. ಕುಸುಬೆ ಬೆಳೆಯಬಲ್ಲ ಹೊಲದ ಒಡೆಯರಿಬ್ಬರು ಫುಟ್‌ಪಾತಿನಲ್ಲಿ ನಿಂತು, ಬಹುಶಃ ಅದೇ ಎಣ್ಣೆಯಲ್ಲಿ ಕರಿದ ಕುಸುಮ್ ತಿನ್ನುತ್ತ, ‘ಕುಸುಬಿ ಬ್ಯಾಡ, ಹತ್ತಿ ಹಾಕ್ರಿ’ ಎಂದು ಫೋನಿನಲ್ಲಿ ಹೇಳುತ್ತಿದ್ದೆವು.

*

ಇಲ್ಲಿಗೆ ನನ್ನ ನಿಜವಾದ ತಕರಾರಿಗೆ ಬಂದೆ. ಎರೆಯ ಬೆಳೆಗಳು ಕಡಿಮೆಯಾದದ್ದಕ್ಕೆ ನಾವು ಬೈಯುವವರ ಪಟ್ಟಿ ಉದ್ದ ಇದೆ: ಸರ್ಕಾರ, ಬೀಜದ ಕಂಪನಿ, ದಲಾಲಿ, ಹವಾಮಾನ. ಎಲ್ಲರೂ ಬೈಗುಳಕ್ಕೆ ಅರ್ಹರೇ ಇರಬಹುದು. ಪಟ್ಟಿಯಲ್ಲಿ ನಮ್ಮ ಹೆಸರು ಮಾತ್ರ ಇಲ್ಲ.

ಲಾವಣಿಯ ಲೆಕ್ಕ ನೋಡಿ. ಯುಗಾದಿಯಿಂದ ಯುಗಾದಿಗೆ ಒಂದು ವರ್ಷ. ರೊಕ್ಕ ಮೊದಲು. ಹೊಲ ಮಾಡುವವನ ಹತ್ತಿರ ಆ ರೊಕ್ಕ ಇರುವುದಿಲ್ಲ, ಇದ್ದಿದ್ದರೆ ಅವನು ನಮ್ಮ ಹೊಲ ಮಾಡುತ್ತಿರಲಿಲ್ಲ. ಬೀಜ ಗೊಬ್ಬರದ ಅಂಗಡಿಯಲ್ಲೋ ಅಡತಿ ಅಂಗಡಿಯಲ್ಲೋ ಬಡ್ಡಿಗೆ ತರುತ್ತಾನೆ. ಬಡ್ಡಿ ಬೆಳೆಯುತ್ತಿರುವಾಗ ಅವನಿಗೆ ಬೇಕಾದದ್ದು ಒಂದೇ ಸಲಕ್ಕೆ ಮಾರಿ ಒಂದೇ ಸಲಕ್ಕೆ ರೊಕ್ಕ ಎಣಿಸುವ ಬೆಳೆ: ಹತ್ತಿ, ಇಲ್ಲವೇ ಗೋವಿನಜೋಳ. ನಾಲ್ಕು ಸಾಲು ಕುಸುಬೆ, ಎರಡು ಸಾಲು ಅಗಸೆ, ಮನೆಗೆ ಒಂದು ಚೀಲ ಜವೆ ಗೋಧಿ ಎಂಬ ಅಕ್ಕಡಿಯ ಸಾವಧಾನ ಸಾಲಗಾರನಿಗೆ ಇರುವುದಿಲ್ಲ. ಮುಂದಿನ ವರ್ಷ ಹೊಲ ತನ್ನ ಕೈಯಲ್ಲಿ ಇರುತ್ತದೆಂಬ ಖಾತ್ರಿಯೂ ಇಲ್ಲ. ಇಲ್ಲದ ಮೇಲೆ ಅವನು ಬದು ಏಕೆ ಕಟ್ಟಬೇಕು, ತಿಪ್ಪೆಗೊಬ್ಬರ ಏಕೆ ಹೇರಬೇಕು, ನೆಲ ದಣಿಯದಿರಲೆಂದು ಕಡಲೆ ಏಕೆ ಬಿತ್ತಬೇಕು? ಅಷ್ಟಾಗಿಯೂ ಆ ಹಿರಿಯರು ‘ನೆಲಾ ದಣದೈತಿ’ ಅಂದರು. ಹೊಲ ಅವರದಲ್ಲ, ಆದರೂ ಹೊಲದ ದಣಿವು ಕಂಡದ್ದು ಅವರಿಗೆ.

ಇನ್ನೊಂದು ಮಾತು. ಕರ್ನಾಟಕದ ಭೂಸುಧಾರಣೆ ಕಾಯ್ದೆಗೆ 1974ರಲ್ಲಿ ಆದ ತಿದ್ದುಪಡಿಯಿಂದ, ಸೈನಿಕರಂಥ ಕೆಲವರನ್ನು ಬಿಟ್ಟರೆ, ಹೊಲವನ್ನು ಗೇಣಿಗೆ ಕೊಡುವ ಹಾಗಿಲ್ಲ. ಉಳುವವನಿಗೆ ನೆಲ ಸಿಗಲಿ ಎಂಬ ಒಳ್ಳೆಯ ಉದ್ದೇಶದ ಕಾನೂನು. ಆದರೆ ಇಂದು ನಮ್ಮ ಲಾವಣಿಗಳೆಲ್ಲ ಬಾಯಿಮಾತಿನವು. ಕಾಗದ ಇಲ್ಲ. ಪಹಣಿಯಲ್ಲಿ ಹೆಸರು ನಮ್ಮದು. ಹಾಗಾಗಿ ಬೆಳೆಸಾಲ ಅವನಿಗೆ ಸಿಗುವುದಿಲ್ಲ. ಬರ ಬಿದ್ದರೆ ಒಣಗುವುದು ಅವನ ಬೆಳೆ, ಪರಿಹಾರ ಬರುವುದು ನಮ್ಮ ಖಾತೆಗೆ. ಒಂದು ಬರದ ವರ್ಷ ನನ್ನ ಫೋನಿಗೆ ಅಂಥ ಒಂದು ಮೆಸೇಜ್ ಬಂದಿತ್ತು. ದೊಡ್ಡ ಮೊತ್ತವಲ್ಲ. ಕಳಿಸಬೇಕು ಕಳಿಸಬೇಕು ಎಂದುಕೊಂಡೆ. ಕಳಿಸಲಿಲ್ಲ. ಅವನೂ ಕೇಳಲಿಲ್ಲ. ಕೇಳಿದರೆ ಮುಂದಿನ ಯುಗಾದಿಗೆ ಹೊಲ ಇನ್ನೊಬ್ಬರಿಗೆ ಹೋದೀತೆಂಬ ಅಂಜಿಕೆ ಅವನಿಗೆ ಇದ್ದಿರಬೇಕು.

2020ರಲ್ಲಿ ಕಾಯ್ದೆಯ 79ಎ, 79ಬಿ ಕಲಮುಗಳು ಹೋದ ಮೇಲೆ, ಕೃಷಿಕರಲ್ಲದವರೂ, ಎಷ್ಟೇ ವರಮಾನ ಇರುವವರೂ ಹೊಲ ಕೊಳ್ಳಬಹುದು. ಅಂದರೆ ನಮ್ಮಂಥ ದೂರದ ಒಡೆಯರು ಹೆಚ್ಚುತ್ತಲೇ ಹೋಗುತ್ತಾರೆ. ಹಾಗಾಗಿ ಈ ಮಾತನ್ನು ಈಗಲೇ ಆಡಬೇಕು.

*

ಎದುರು ವಾದಗಳು ನನಗೆ ಗೊತ್ತು, ಏಕೆಂದರೆ ನಾನೇ ಅವನ್ನು ವರ್ಷಗಟ್ಟಲೆ ಹೇಳಿಕೊಂಡಿದ್ದೇನೆ.

ಒಂದು: ‘ಇದೆಲ್ಲ ಹಳಹಳಿಕೆ. ಕುಸುಬೆ ಕೊಯ್ದವರ ಕೈ ನೋಡಿದ್ದೀಯಾ?’ ನೋಡಿದ್ದೇನೆ. ಮುಳ್ಳು ಇಬ್ಬನಿಗೆ ಮೆತ್ತಗಾಗಿರುವಾಗಲೇ ಕೊಯ್ಯಬೇಕೆಂದು ನಸುಕಿನಲ್ಲೇ ಹೋಗುತ್ತಿದ್ದ, ಕೈಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದ ಹೆಂಗಸರನ್ನು ನೋಡಿದ್ದೇನೆ. ಆ ಕಷ್ಟ ಮರಳಲಿ ಎಂದು ನಾನು ಹೇಳುವುದಿಲ್ಲ. ಕುಸುಬೆಯನ್ನು ಯಂತ್ರದಿಂದ ಕೊಯ್ಯಬಹುದು, ಮುಳ್ಳಿಲ್ಲದ ತಳಿಗಳೂ ಇವೆ. ಹತ್ತಿ ಬಿಡಿಸುವ ಹೆಂಗಸಿನ ಬೆನ್ನು, ಔಷಧಿ ಹೊಡೆಯುವವನ ಪುಪ್ಪುಸದ ಬಗ್ಗೆ ಮಾತ್ರ ನಮಗೆ ಇಂಥ ಕನಿಕರ ಹುಟ್ಟುವುದಿಲ್ಲ, ಅದೇಕೆ?

ಎರಡು: ‘ಏನು ಬಿತ್ತಬೇಕೆಂಬುದು ಮಾಡುವವನ ಆಯ್ಕೆ. ಅವನೇ ಹತ್ತಿ ಬೇಕೆನ್ನುತ್ತಾನೆ.’ ಮುಂಗಡ ರೊಕ್ಕದ ಹಗ್ಗ ಬಿಗಿದು, ಆಮೇಲೆ ಆಯ್ಕೆ ನಿನ್ನದು ಅನ್ನುವುದು ನ್ಯಾಯವಲ್ಲ. ಅಂದು ಫೋನಿನಲ್ಲಿ ಆಯ್ಕೆ ಕೇಳಿದ್ದು ಅವರೇ. ಮುರಿದದ್ದು ನಾವು.

ಮೂರು: ‘ಪಾಲಿಗೆ ಹಾಕಿದರೆ ಮೋಸ ಮಾಡುತ್ತಾರೆ, ಲೆಕ್ಕ ಸಿಗುವುದಿಲ್ಲ.’ ಇರಬಹುದು. ಎರಡು ಚೀಲ ಜೋಳ ಕಡಿಮೆ ಬಂದೀತು. ಪರಿಹಾರದ ಮೆಸೇಜ್ ಓದಿ ಸುಮ್ಮನಿದ್ದ ನನ್ನ ಲೆಕ್ಕದ ಮುಂದೆ ಅದು ಸಣ್ಣದು.

ಹಾಗಾದರೆ ಏನು ಮಾಡಬೇಕು? ಕೆಲಸ ಬಿಟ್ಟು ಊರಿಗೆ ಹೋಗಿ ಎಂದು ನಾನು ಹೇಳುವುದಿಲ್ಲ. ನಾನೇ ಹೋಗುವವನಲ್ಲ. ಇಲ್ಲಿಂದಲೇ ಮಾಡಬಹುದಾದ ಮೂರು ಕೆಲಸ ಇವೆ. ರೊಕ್ಕವನ್ನು ರಾಶಿ ಆದ ಮೇಲೆ ತೆಗೆದುಕೊಳ್ಳುವುದು, ಇಲ್ಲವೇ ಪಾಲಿಗೆ ಹಾಕಿ ಬೆಳೆಯ ಜೊತೆ ನಷ್ಟವನ್ನೂ ಹಂಚಿಕೊಳ್ಳುವುದು. ಒಂದು ವರ್ಷದ ಮಾತನ್ನು ಮೂರು, ನಾಲ್ಕು ವರ್ಷದ ಮಾತು ಮಾಡುವುದು, ಆಗ ಬದುವಿಗೂ ಕಡಲೆಗೂ ಅರ್ಥ ಬರುತ್ತದೆ. ಹೊಲದ ಹೆಸರಿನಲ್ಲಿ ಸರ್ಕಾರದಿಂದ ಬರುವ ಪರಿಹಾರವನ್ನು ಅದೇ ದಿನ ಹೊಲ ಮಾಡುವವನಿಗೆ ಕಳಿಸುವುದು. ಯಾವುದಕ್ಕೂ ಕ್ರಾಂತಿ ಬೇಡ, ಫೋನ್ ಸಾಕು. ನಾವು ಈವರೆಗೆ ಹೊಲವನ್ನು ಆಳಿದ್ದೂ ಅದರಿಂದಲೇ ತಾನೆ.

ಎಳ್ಳಮಾಸಿಗೆ ಊರಿಗೆ ಹೋಗಿ, ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ ಭಜ್ಜಿ ಉಂಡು, ಫೋಟೊ ಹಾಕುವ ನಮ್ಮ ಸಂಭ್ರಮದ ಬಗ್ಗೆ ಒಂದೇ ಮಾತು. ಚರಗ ಚೆಲ್ಲುವುದು ಹಿಂಗಾರಿ ಬೆಳೆ ನಿಂತ ಹೊಲಕ್ಕೆ, ಜೋಳ ಹೊಡೆಯ ತುಂಬಿ ನಿಂತ ಭೂಮಿತಾಯಿಗೆ ಬಯಕೆಯ ಊಟವೆಂದು. ಹತ್ತಿ ಬಿಡಿಸಿ ಮುಗಿದ ಒಣಕಟ್ಟಿಗೆಯ ನಡುವೆ ಈಗ ನಾವು ಯಾರ ಬಯಕೆ ತೀರಿಸುತ್ತಿದ್ದೇವೆ?

ನಾನು ನನ್ನ ಹೊಲದ ಈ ವರ್ಷದ ಲಾವಣಿ ರೊಕ್ಕವನ್ನು ತಿರುಗಿ ಕಳಿಸಿದೆ. ಪಾಲಿಗೆ ಮಾಡಿ, ನಾಲ್ಕು ವರ್ಷ ನಿಮ್ಮದೇ, ಏನು ಹಾಕಬೇಕೆಂದು ನೀವೇ ನೋಡಿ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ‘ಯಾಕ ತಮ್ಮಾ, ಹೊಲಾ ಮಾರಾಕತ್ತೀಯೇನು?’ ಎಂದು ಅವರು ಕೇಳಿದರು. ನಂಬಿಕೆ ಬರಲು ಇನ್ನೊಂದೆರಡು ಯುಗಾದಿ ಬೇಕಾಗಬಹುದು. ಬರದ ವರ್ಷದ ಆ ರೊಕ್ಕವನ್ನೂ ಜೊತೆಗೇ ಕಳಿಸಿದ್ದೇನೆ. ಅದರ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಗೆಳೆಯ ಇನ್ನೂ ಒಪ್ಪಿಲ್ಲ. ಬರುವ ಭಾನುವಾರ ಮತ್ತೆ ಪಾರ್ಕ್ ಸ್ಟ್ರೀಟಿನಲ್ಲಿ ಸೇರುತ್ತೇವೆ. ಈ ಬರಹ ಓದಿಯೇ ಬರುತ್ತಾನೆ, ಜಗಳ ಇದೆ. ನಿಮ್ಮಲ್ಲೂ ಎರೆ ಹೊಲ ಇದ್ದವರು ಅಷ್ಟರೊಳಗೆ ಊರಿಗೆ ಒಂದು ಫೋನ್ ಮಾಡಿ. ಏನು ಬಿತ್ತಬೇಕೆಂದು ಹೇಳಬೇಡಿ. ಏನು ಬಿತ್ತಬೇಕೆಂದಿದ್ದೀರಿ ಎಂದು ಕೇಳಿ.